ಬಳಕೆದಾರರ ತಪ್ಪು

ಫೆಬ್ರವರಿ ೧೧

ಅಕ್ಕ,

ಪ್ರೋಗ್ರಾಂ ಬರೆಯುವವರೆಲ್ಲ ಓದುವ ಆ ಮೇಲಿಂಗ್ ಲಿಸ್ಟಿನಲ್ಲಿ ನಾವಿಬ್ಬರೂ ಕಿತ್ತಾಡಿದ್ದನ್ನು ಈಗಾಗಲೇ ಅರ್ಧ ಲೋಕ ಓದಿದೆ, ಉಳಿದರ್ಧ ಮುಂದೆ ಓದುತ್ತದೆ. ಅಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಅದಕ್ಕೇ ಕಾಗದ. ಇದನ್ನಾದರೆ ನೀನು ಓದಿ ಒಲೆಗೆ ಹಾಕಬಹುದು. ಫೋನಿನಲ್ಲಂತೂ ಎರಡನೇ ಮಾತಿಗೇ ಇಬ್ಬರಲ್ಲೊಬ್ಬರು ಇಟ್ಟುಬಿಡುತ್ತೇವೆ.

ಮೊದಲು ನನ್ನ ಹೊಟ್ಟೆಯುರಿ ಕೇಳು. "ಇವಳಿಗೆ ಸಿ ಪ್ರೋಗ್ರಾಮಿಂಗ್ ಬರುವುದಿಲ್ಲ, ಅದಕ್ಕೇ ಹೊಸ ಭಾಷೆಯ ಊರುಗೋಲು ಹಿಡಿದಿದ್ದಾಳೆ" ಎಂದು ಹತ್ತು ಜನರ ಮುಂದೆ ಬರೆದೆಯಲ್ಲ, ನಾಚಿಕೆ ಆಗಲಿಲ್ಲವೇ? ನನಗೆ ಸಿ ಕಲಿಸಿದವಳು ಯಾರು? ಊಟದ ಮೇಜಿನ ಮೇಲೆ ತಟ್ಟೆ ಸರಿಸಿ, ಚಮಚಗಳನ್ನು ಸಾಲಾಗಿ ಜೋಡಿಸಿ, ಪಾಯಿಂಟರ್ ಎಂದರೆ ಏನು ಎಂದು ಹೇಳಿಕೊಟ್ಟವಳು ನೀನು. ನನಗೆ ಬರುವುದಿಲ್ಲ ಎಂದರೆ ಕಲಿಸಿದ ಮೇಡಂ ಯಾರಮ್ಮ ಎಂದು ಜನ ಕೇಳುವುದಿಲ್ಲವೇ?

ಇರಲಿ. ನಾನು ಹೇಳಬೇಕಾದ್ದು ಬೇರೆ. ಹೋದ ತಿಂಗಳು ಲಿಸ್ಟಿಗೆ ಒಂದು ದೂರು ಬಂದಿತ್ತು, ನಿನಗೆ ನೆನಪಿರಲಿಕ್ಕಿಲ್ಲ. ಆಸ್ಪತ್ರೆಯೊಂದರ ಸ್ಪೀಚ್ ಥೆರಪಿಸ್ಟ್ ಬರೆದದ್ದು. ರೆಕಾರ್ಡಿಂಗ್ ಪೆಟ್ಟಿಗೆಯಿಂದ ಮೆಮೊರಿ ಕಾರ್ಡ್ ತೆಗೆದು ಮತ್ತೆ ಹಾಕಿದೆ, ಫೈಲುಗಳೆಲ್ಲ ಮಾಯ, ದಯವಿಟ್ಟು ಸಹಾಯ ಮಾಡಿ ಎಂದು. ನೀನು ಕೊಟ್ಟ ಉತ್ತರ ಇಷ್ಟೇ: "ಕೆಲಸ ನಡೆಯುವಾಗ ಕಾರ್ಡ್ ಕೀಳಬಾರದು. ಬಳಕೆದಾರರ ತಪ್ಪು. ದೂರು ಮುಚ್ಚಲಾಗಿದೆ."

ಆ ಆಸ್ಪತ್ರೆ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು. ತಡೆಯಲಾರದೆ ಹೋದೆ. ಮೆಟ್ಟಿಲ ಕೆಳಗಿನ ಒಂದು ಸಣ್ಣ ಕೋಣೆ, ಸದ್ದು ಹೀರಲು ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾರೆ, ಮೈಕಿಗೆ ಯಾರದೋ ಹಳೆಯ ಕಾಲುಚೀಲ ತೊಡಿಸಿದ್ದಾರೆ. ಥೆರಪಿಸ್ಟ್ ನಿನ್ನ ವಯಸ್ಸಿನವರು. "ಆ ಲಿಸ್ಟಲ್ಲಿ ಡ್ರೈವರ್ ಅಂತ ಬರೆದಿದ್ರಲ್ಲ, ಹಾಗಂದ್ರೇನಮ್ಮ?" ಎಂದು ಕೇಳಿದರು. ಕಾರ್ಡಿನ ಮೇಲೆ ಯಾವ ಫೈಲ್ ಎಲ್ಲಿದೆ ಅಂತ ಹುಡುಕಿ ಕೊಡೋ ಪ್ರೋಗ್ರಾಂ, ಹೊಸದು ಬಂದ್ರೆ ಎಲ್ಲಿಡಬೇಕು ಅಂತ ಹೇಳೋದೂ ಅದೇ ಎಂದೆ. "ಅದನ್ನ ಬರೆದೋರು ಯಾರು?" ಎಂದರು. ನಮ್ಮಕ್ಕ ಎನ್ನಲು ಬಾಯಿ ಬರಲಿಲ್ಲ.

ಕಾರ್ಡಿನಲ್ಲಿದ್ದದ್ದು ಒಬ್ಬ ಬಸ್ ಕಂಡಕ್ಟರರ ದನಿ. ಗಂಟಲಲ್ಲಿ ಗಡ್ಡೆಯಾಗಿ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂತಂತೆ. ಆಪರೇಷನ್ನಿಗೆ ಮುಂಚೆ ವಾರಗಟ್ಟಲೆ ಕೂರಿಸಿ ದಿನನಿತ್ಯದ ಮಾತುಗಳನ್ನೆಲ್ಲ ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿದ್ದರು. ನೀರು ಕೊಡು, ನೋವಾಗ್ತಿದೆ, ಊಟ ಆಯ್ತಾ, ಹೀಗೆ. ಆಮೇಲೆ ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಮಾತು ಅವರದೇ ದನಿಯಲ್ಲಿ ಬರಬೇಕು. ಆಪರೇಷನ್ ಆಯಿತು. ದನಿ ಹೋಯಿತು. ಕಾರ್ಡೂ ಹೋಯಿತು. ಇನ್ನೊಮ್ಮೆ ರೆಕಾರ್ಡ್ ಮಾಡಲು ಅಲ್ಲಿ ಏನೂ ಉಳಿದಿಲ್ಲ. ಮನೆಯ ವಿಡಿಯೋಗಳಲ್ಲೂ ಅವರ ಮಾತಿಲ್ಲ, ಪ್ರತಿ ಸಲ ಫೋನ್ ಹಿಡಿದು ಬಾಯಿ ಮುಚ್ಚಿಕೊಂಡು ತೆಗೆದವರು ಅವರೇ. ಬ್ಯಾಕಪ್ ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳಬೇಡ. ಬ್ಯಾಕಪ್ ಮಾಡಲೆಂದೇ ಕಾರ್ಡ್ ಕಿತ್ತದ್ದು.

ನಿನ್ನದರ ಬದಲಿಗೆ ಹೊಸ ಭಾಷೆಯಲ್ಲಿ ನಾನು ಬರೆಯುತ್ತಿರುವ ಡ್ರೈವರ್ ಇನ್ನೂ ಅರ್ಧದಲ್ಲಿದೆ. ಅದರಿಂದ ಆ ಕಾರ್ಡ್ ಓದಿಸಲು ಹೋದರೆ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಫೋಲ್ಡರಿಗೂ ಒಂದು ಸೂಚಿ, ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂದು ಹೇಳುವುದು ಅದೊಂದೇ. ಅದಕ್ಕೆ ಎರಡು ಪ್ರತಿ ಇಟ್ಟಿದ್ದೀಯ. ಎರಡೂ ಬೇರೆಬೇರೆ ಹೇಳಿದರೆ ಯಾವುದನ್ನು ನಂಬಬೇಕು? ನಿನ್ನ ಕೋಡಿನಲ್ಲಿ ಒಂದು ಕಡೆ ಹೊಸ ನಂಬರಿನದು ಎಂದಿದೆ, ಇನ್ನೊಂದು ಕಡೆ ಮೊದಲನೆಯದು ಎಂದಿದೆ. ಸಿ ಎರಡನ್ನೂ ನುಂಗಿಕೊಂಡು ಸುಮ್ಮನಿದೆ. ನನಗೆ ಮಾತ್ರ ಒಂದು ನಿಯಮ ಬೇಕು. ಲಿಸ್ಟಿನಲ್ಲಿ ಕೇಳಿದ್ದಕ್ಕೆ "ಕೋಡ್ ಓದು" ಎಂದೆ. ಓದಿಯೇ ಕೇಳುತ್ತಿದ್ದೇನೆ ತಾಯಿ!

ಆ ನಿಯಮ ಸಿಕ್ಕರೆ ನನ್ನ ಡ್ರೈವರ್ ಪೂರ್ತಿಯಾಗುತ್ತದೆ, ನಿನ್ನದನ್ನು ತೆಗೆಯುತ್ತಾರೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿನ್ನ ತಂಗಿ
(ಬೇರೆ ದಾರಿಯಿಲ್ಲ, ಹುಟ್ಟಿಬಿಟ್ಟಿದ್ದೇನೆ)


ಫೆಬ್ರವರಿ ೨೨

ಮೊಂಡಿ,

ಕಾಗದ ಒಲೆಗೆ ಹಾಕಿಲ್ಲ. ನಿನ್ನ ಭಾವ ಎತ್ತಿಟ್ಟುಕೊಂಡಿದ್ದಾರೆ. ಅವರಿಗೆ ನೀನು ಏನು ಬರೆದರೂ ಚಂದ.

ಏನು ಹೊಸೆದಿದ್ದೀಯ! ಕಂಡಕ್ಟರು, ಗಂಟಲು, ದನಿ. ಓದುವವರ ಕಣ್ಣಲ್ಲಿ ನೀರು ಬರಬೇಕು. ಕೊನೆಗೆ ನೋಡಿದರೆ ಲಿಸ್ಟಿನಲ್ಲಿ ಕೇಳಿದ ಪ್ರಶ್ನೆಯೇ ಇಲ್ಲೂ ಬಂದು ಕೂತಿದೆ. ನಿನ್ನ ಕುತ್ತಿಗೆ ಕೊಯ್ಯಬೇಕು ಅಕ್ಕಾ, ಕತ್ತಿ ಸ್ವಲ್ಪ ಮಸೆದು ಕೊಡು ಎಂದ ಹಾಗಾಯಿತು.

ನನಗೆ ಸಿಟ್ಟು ಹೊಸ ಭಾಷೆಯ ಮೇಲೆ ಎಂದುಕೊಂಡಿದ್ದೀಯ. ಭಾಷೆ ಹಾಳಾಗಿ ಹೋಗಲಿ, ನನಗೇನು? ನೀನು ಕೆಲಸ ಮಾಡುವ ಆ ಕಂಪನಿ, ನಾನು ಬಿಟ್ಟಿಯಾಗಿ ಬರೆದುಕೊಟ್ಟ ಡ್ರೈವರನ್ನು ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳಲ್ಲಿ ಹಾಕಿ ಮಾರಿತು. ಇಷ್ಟು ವರ್ಷದಲ್ಲಿ "ನಾವೂ ಒಂದು ಕೈ ಹಾಕೋಣವೇ" ಎಂದು ಒಂದು ನರಪಿಳ್ಳೆಯನ್ನು ಕಳಿಸಲಿಲ್ಲ. ನಾನು ಬ್ಯಾಂಕಿನ ಕೆಲಸ ಮುಗಿಸಿ, ಮನೆಗೆ ಬಂದು, ಮುಖ ತೊಳೆದು, ಇವರ ದೂರುಗಳಿಗೆ ಉತ್ತರ ಬರೆಯುತ್ತಿದ್ದೆ. ಮದುವೆಯ ಮಾರನೆಯ ದಿನವೂ ಬರೆದೆ, ಭಾವನನ್ನೇ ಕೇಳು. ಎಲ್ಲ ಸರಿಯಿದ್ದಾಗ ನಾನೊಬ್ಬಳು ಇದ್ದೇನೆಂದೇ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟಾಗ ಮಾತ್ರ ಉಗಿಯಲು ನನ್ನ ವಿಳಾಸ ಬೇಕು. ಈಗ ನನ್ನನ್ನು ತೆಗೆಯಬೇಕು ಎಂದ ಕೂಡಲೇ ಒಂದು ತಂಡವೇ ಎದ್ದು ನಿಂತಿತು, ಅದಕ್ಕೆ ನನ್ನ ಸ್ವಂತ ತಂಗಿ ಮುಖ್ಯಸ್ಥೆ! ಬದುಕಿದ್ದಾಗ ನೀರು ಕೊಡಲು ಯಾರಿಲ್ಲ, ಹೊರಲು ಮಾತ್ರ ನಾಲ್ಕು ಜನ ತಯಾರು.

ಕಾರ್ಡಿನ ವಿಷಯ. ಓಡುವ ಬಸ್ಸಿನಿಂದ ಹಾರಿ ಕಾಲು ಮುರಿದುಕೊಂಡರೆ ಬಸ್ಸು ಓಡಿಸುವವನ ತಪ್ಪೇ? ನಿನ್ನ ಕಂಡಕ್ಟರನ್ನೇ ಕೇಳು, ಅವರು ಹೇಳುತ್ತಾರೆ. ಎಚ್ಚರವಾಗಿ ಬರೆಯುವವರಿಗೆ, ಎಚ್ಚರವಾಗಿ ಬಳಸುವವರಿಗೆ ಸಿ ಯಾವತ್ತೂ ಕೈ ಕೊಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಿಯಮ ಹೇಳುವುದಿಲ್ಲ. ಕಾರ್ಡ್ ಕಳಿಸು. ನನ್ನ ರಿಪೇರಿ ಪ್ರೋಗ್ರಾಂ ಇದೆ, ನಾನೇ ಸರಿಮಾಡಿ ಕಳಿಸುತ್ತೇನೆ. ಆಮೇಲೆ "ನಮ್ಮಕ್ಕ" ಎನ್ನಲು ನಿನಗೆ ಬಾಯಿ ಬಂದೀತು.

ಅಕ್ಕ


ಮಾರ್ಚ್ ೨

ಅಕ್ಕ,

ಇದರ ಹಿಂದೆ ಟೇಪ್ ಹಾಕಿ ಅಂಟಿಸಿರುವುದು ಕಾರ್ಡಿನ ನಕಲು. ಮೂಲವನ್ನು ಕೊಡುವುದಿಲ್ಲ. ನಿನ್ನ ರಿಪೇರಿ ಪ್ರೋಗ್ರಾಂ ಅದರ ಮೇಲೆ ಬರೆದುಬಿಟ್ಟರೆ ಇರುವುದೂ ಹೋಗುತ್ತದೆ. ಹೌದು, ನಿನ್ನನ್ನು ನಂಬಿಲ್ಲ ಎಂದೇ ಅರ್ಥ. ಬೇಜಾರು ಮಾಡಿಕೋ.

ರಿಪೇರಿಗೆ ಕೈ ಹಾಕುವ ಮುಂಚೆ ಮುಖ್ಯ ಫೋಲ್ಡರಿನ ಸೂಚಿಯನ್ನು ಕಣ್ಣು ಬಿಟ್ಟು ನೋಡು. ಆ ಮನುಷ್ಯನ ಫೈಲುಗಳ ಹೆಸರಿರಬೇಕಾದ ಜಾಗದಲ್ಲಿ "ಪ್ರಿಂಟರಿನಲ್ಲಿ ಕಾಗದ ಮುಗಿದಿದೆ" ಎಂದು ಬರೆದಿದೆ. ಇದು ಎಲ್ಲಿಂದ ಬಂತು, ಹೇಳು? ಥೆರಪಿಸ್ಟ್ ಅಮ್ಮ ಬೆರಳಿಂದ ಬರೆದರೇ?

ಅವರಿಗೆ ನಾನು ಹೀಗೆ ಬಿಡಿಸಿ ಹೇಳಿದೆ. ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಬೀಗದಕೈ ವಾಪಸ್ ಕೊಡಬೇಕು. ಈ ಡ್ರೈವರ್ ಕಾರ್ಡ್ ಕಿತ್ತ ಕೂಡಲೇ ತನ್ನ ಮೆಮೊರಿಯನ್ನು ಖಾಲಿ ಮಾಡಿತು, ಆದರೆ ಬೀಗದಕೈಯೊಂದನ್ನು ಜೇಬಿನಲ್ಲೇ ಇಟ್ಟುಕೊಂಡಿತು. ಅಷ್ಟರಲ್ಲಿ ಆ ಮನೆಗೆ, ಅದೇ ಪೆಟ್ಟಿಗೆಗೆ ಸಿಕ್ಕಿಸಿದ್ದ ಪ್ರಿಂಟರಿನ ಸಂಸಾರ ಬಂತು. ಕಾರ್ಡ್ ಮತ್ತೆ ಹಾಕಿದಾಗ ಡ್ರೈವರ್ ಹಳೆಯ ಬೀಗದಕೈಯಿಂದ ಬಾಗಿಲು ತೆಗೆದು, ಅಲ್ಲಿದ್ದ ಸಾಮಾನೆಲ್ಲ ತನ್ನದೇ ಎಂದುಕೊಂಡು ಹೊತ್ತು ತಂದು ಕಾರ್ಡಿನ ಮೇಲೆ ಸುರಿಯಿತು. ನನ್ನ ಹೊಸ ಭಾಷೆ ರಸ್ಟ್, ಅದರ ಕೋಡನ್ನು ಪರೀಕ್ಷಿಸಿ ಕಟ್ಟಿಕೊಡುವ ಕಂಪೈಲರ್ ಇದಕ್ಕೆ ಒಪ್ಪುವುದಿಲ್ಲ ಅಕ್ಕ. ಮನೆ ಬಿಟ್ಟವನ ಜೇಬಿನಲ್ಲಿ ಬೀಗದಕೈ ಉಳಿದರೆ ಕೋಡನ್ನೇ ಕಟ್ಟಿಕೊಡುವುದಿಲ್ಲ. ನೀನು ಊರುಗೋಲು ಎನ್ನುವುದು ಇದನ್ನೇ.

ಎಚ್ಚರ ಎಚ್ಚರ ಎನ್ನುತ್ತೀಯಲ್ಲ. ನಿನ್ನಷ್ಟು ಎಚ್ಚರದವಳನ್ನು ನಾನು ಕಂಡಿಲ್ಲ. ನಿನ್ನ ಕೈಯಲ್ಲೇ ಹೀಗಾಗಿದೆ ಎಂದ ಮೇಲೆ ಇನ್ನು ಯಾರ ಎಚ್ಚರವನ್ನು ನಂಬಲಿ?

ಮೊನ್ನೆ ಕಂಡಕ್ಟರನ್ನು ನೋಡಿದೆ. ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಆಳು ಎತ್ತರ, ದೊಡ್ಡ ಕೈ. ಏನಾದರೂ ಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಾರೆ. ಹೆಂಡತಿ ಓದುವ ಮುಂಚೆಯೇ ಅಳಿಸಿಬಿಡುತ್ತಾರೆ. ಆ ಹೆಂಗಸು ಒಬ್ಬರೇ ಮಾತಾಡಿಕೊಂಡು ಕೂತಿದ್ದರು, ಬಸ್ಸು ತಡ ಎಂದು, ಬಿಸಿಲು ಎಂದು. ಕಂಡಕ್ಟರು ಕಣ್ಣೆತ್ತಿ ನೋಡಲೂ ಇಲ್ಲ. ಅಲ್ಲಿಂದ ಓಡಿ ಬಂದೆ.

ತಂಗಿ


ಮಾರ್ಚ್ ೨೪

ತಂಗಿಯಮ್ಮಾ,

ನಾನು ಭಾವ. ನಿಮ್ಮಕ್ಕನಿಗೆ ಹೇಳದೆ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡು, ಮಕ್ಕಳು ಸೇಬು ಬರೆಯುತ್ತಿದ್ದಾರೆ, ಆ ಸಂದಿಯಲ್ಲಿ.

ನಿನ್ನ ಕಾಗದ ಬಂದ ದಿನ ಅವಳು ಬಾಗಿಲಲ್ಲೇ ನಿಂತು ಓದಿದಳು. ಚಪ್ಪಲಿಯನ್ನೂ ಬಿಡಲಿಲ್ಲ. ಆಮೇಲೆ ಅಡುಗೆಮನೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತವಳು ಏಳಲೇ ಇಲ್ಲ. ನಾನು ಊಟ ಎಂದೆ. "ಇವಳು ನನಗೆ ಪಾಠ ಹೇಳೋಕೆ ಬರ್ತಾಳೆ" ಎಂದಳು. ಬಡಿಸಿಟ್ಟು ಹೋದೆ.

ನನಗೆ ಈ ವಿದ್ಯೆ ಗೊತ್ತಿಲ್ಲ, ಕಂಡದ್ದನ್ನು ಹೇಳುತ್ತೇನೆ. ಅವಳ ರಿಪೇರಿ ಪ್ರೋಗ್ರಾಂ ಆ ಕಾರ್ಡನ್ನು ಓದಲು ಶುರುಮಾಡುತ್ತದೆ, ಸ್ವಲ್ಪ ದೂರ ಹೋಗುತ್ತದೆ, ದೊಪ್ಪನೆ ಬಿದ್ದುಹೋಗುತ್ತದೆ. ಇವಳು ಎಲ್ಲೋ ಒಂದು ಸಾಲು ತಿದ್ದುತ್ತಾಳೆ, ಮತ್ತೆ ಓಡಿಸುತ್ತಾಳೆ, ಮತ್ತೆ ಬೀಳುತ್ತದೆ. ವಾರಗಟ್ಟಲೆ ಇದೇ. ಏಕೆ ಹೀಗೆ ಎಂದು ಕೇಳಿದೆ. "ಕಾರ್ಡ್ ಏನು ಹೇಳಿದ್ರೂ ನನ್ನ ಪ್ರೋಗ್ರಾಂ ನಂಬುತ್ತೆ ರೀ. ಮುಂದಿನ ತುಂಡು ಇಂಥಲ್ಲಿದೆ ಅಂದ್ರೆ ಕಣ್ಣು ಮುಚ್ಕೊಂಡು ಅಲ್ಲಿಗೆ ಹೋಗುತ್ತೆ. ಅಲ್ಲಿ ಪ್ರಪಾತ ಇದ್ರೂ ಹೋಗುತ್ತೆ" ಎಂದಳು. ನಂಬದ ಹಾಗೆ ಬರೆದರಾಯಿತಲ್ಲ ಎಂದೆ. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಎಸೆದಳು. ಸ್ಟೀಲಿನದು, ಏನೂ ಆಗಲಿಲ್ಲ. ಸದ್ದು ಮಾತ್ರ ಪಕ್ಕದ ಮನೆಯವರು ಕೇಳಿಕೊಂಡು ಬರುವಷ್ಟು.

ನಿನ್ನೆ ಕೇಳಿದೆ, "ಅವಳು ಕೇಳಿದ್ದನ್ನ ಹೇಳಿಬಿಡಬಾರದಾ?" ಕಂಪ್ಯೂಟರ್ ಮುಚ್ಚಿ, "ಹೇಳಿದ್ರೆ ನಾಳೆಯಿಂದ ನಾನು ಯಾರು ರೀ?" ಎಂದಳು. ಇದನ್ನು ನಾನು ಹೇಳಿದೆ ಎಂದು ಅವಳಿಗೆ ಗೊತ್ತಾದರೆ ನನ್ನನ್ನೂ ಸಿಂಕಿಗೆ ಎಸೆಯುತ್ತಾಳೆ. ನೀನು ಸ್ವಲ್ಪ ಮೆತ್ತಗೆ ಬರೆ. ನೀವಿಬ್ಬರೂ ಒಂದೇ ಮರದ ಹುಳಿ.

ಭಾವ


ಏಪ್ರಿಲ್ ೧೨

ಮೊಂಡಿ,

ಮಧ್ಯೆ ಬಾಯಿ ಹಾಕದೆ ಓದು.

ಬೀಗದಕೈ ವಾಪಸ್ ಕೊಡದಿದ್ದದ್ದು ನಿಜ. ಕಾರ್ಡ್ ಕಿತ್ತಾಗ ಓಡುವ ಕೋಡಿನಲ್ಲಿ ಆ ಜಾಗ ಸಿಕ್ಕಿತು. ಆ ದೂರನ್ನು ಮತ್ತೆ ತೆರೆದಿದ್ದೇನೆ, ಥೆರಪಿಸ್ಟ್ ಅಮ್ಮನಿಗೆ ಲಿಸ್ಟಿನಲ್ಲೇ ಉತ್ತರವನ್ನೂ ಬರೆದಿದ್ದೇನೆ. ಎಲ್ಲರೂ ಓದಲಿ. ನಿನಗೆ ಸಮಾಧಾನವಾಯಿತೇ? ಆಗಿರುತ್ತದೆ.

ನಿನ್ನ ಕೋಡನ್ನೂ ಓದಿದೆ. ನಿನಗೆ ಹೆಸರಿಡಲು ಬರುವುದಿಲ್ಲ. ಒಂದೊಂದು ಹೆಸರು ರೈಲುಗಾಡಿಯಷ್ಟು ಉದ್ದ. ಒಂದೇ ಕೆಲಸವನ್ನು ಮೂರು ಕಡೆ ಮಾಡಿದ್ದೀಯ. ಟಿಪ್ಪಣಿಗಳಲ್ಲಿ "ಇದು ಏಕೆ ಹೀಗಿದೆಯೋ ಗೊತ್ತಿಲ್ಲ" ಎಂದು ಬರೆದಿದ್ದೀಯಲ್ಲ, ನನ್ನ ಕೋಡಿನ ಬಗ್ಗೆ, ಅದನ್ನು ಓದಿದಾಗ ಬಂದು ನಿನ್ನ ಕಿವಿ ಹಿಂಡಬೇಕೆನ್ನಿಸಿತು. ಗೊತ್ತಿಲ್ಲ ಎಂದು ಬರೆಯುವವಳಿಗೆ ಅಷ್ಟು ಜಂಬ ಇರಬಾರದು.

ಈಗ ನಿಯಮ. ಹೊಸ ನಂಬರಿನದೂ ಅಲ್ಲ, ಮೊದಲನೆಯದೂ ಅಲ್ಲ. ಪ್ರತಿ ಸೂಚಿಯ ತಲೆಯಲ್ಲಿ ಒಂದು ನಂಬರಿದೆ. ಅದೇ ನಂಬರನ್ನು ಬಾಲದಲ್ಲೂ ಬರೆಸುತ್ತೇನೆ, ಕೊನೆಯ ನಾಲ್ಕು ಬೈಟು. ನೀನು ಅದನ್ನು ಕಸ ಎಂದುಕೊಂಡು ಹಾರಿಸಿದ್ದೀಯ. ಬರೆಯುವ ಕೆಲಸ ತಲೆಯಿಂದ ಶುರುವಾಗಿ ಬಾಲದಲ್ಲಿ ಮುಗಿಯುತ್ತದೆ. ಎರಡು ನಂಬರೂ ಒಂದೇ ಆಗಿದ್ದರೆ ಸೂಚಿ ಪೂರ್ತಿ ಬರೆದದ್ದು. ಬೇರೆಯಾಗಿದ್ದರೆ ನಡುವೆ ಏನೋ ಆಗಿದೆ, ನಂಬಬೇಡ. ಪೂರ್ತಿಯಾದದ್ದು ಹಳೆಯದಾದರೂ ಅದನ್ನೇ ತೆಗೆದುಕೋ.

ಹಾಗಾದರೆ ನಿನ್ನ ಡ್ರೈವರ್ ಬಾಲವನ್ನು ಏಕೆ ನೋಡುವುದಿಲ್ಲ ಎಂದು ಕೇಳುತ್ತೀಯ. ನೋಡುತ್ತಿತ್ತು. ಆಗಿನ ಡಿಸ್ಕುಗಳು ಎತ್ತಿನಗಾಡಿ, ಬಾಲ ನೋಡಲು ಹೋದರೆ ಕಾದು ಸಾಕಾಗುತ್ತಿತ್ತು. ನಿಧಾನ ನಿಧಾನ ಎಂದು ಲಿಸ್ಟಿನಲ್ಲಿ ಎಲ್ಲರೂ ಉಗಿದು ಉಪ್ಪಿನಕಾಯಿ ಹಾಕಿದರು. ತೆಗೆದೆ. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಮುಂದೆ ಎಂದಾದರೂ ಯಾರಿಗಾದರೂ ಬೇಕಾದೀತು ಎಂದುಕೊಂಡೆ. ಕೇಳಿದವರು ಯಾರೂ ಇರಲಿಲ್ಲ, ಆದ್ದರಿಂದ ಎಲ್ಲೂ ಬರೆದಿಡಲಿಲ್ಲ.

ನನ್ನ ರಿಪೇರಿ ಪ್ರೋಗ್ರಾಮಿಗೆ ಈ ನಿಯಮ ಹಾಕಿ ನೋಡಿದೆ. ಬಾಲದವರೆಗೆ ಹೋಗುವ ಮೊದಲೇ ಬೀಳುತ್ತದೆ. ನಿನ್ನದು ಬೀಳುವುದಿಲ್ಲ. ಇಂಥ ಜಾಗವಿಲ್ಲ ಎಂದು ಹೇಳಿ ಮುಂದಿನದಕ್ಕೆ ಹೋಗುತ್ತದೆ. ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತು ಎಂದರೆ, ಬರೆಯಲು ಬರುವುದಿಲ್ಲ.

ತಗೋ, ಕೊಟ್ಟಿದ್ದೇನೆ. ದನಿ ತೆಗೆ.

ಅಕ್ಕ


ಮೇ ೬

ಅಕ್ಕ,

ನಿಯಮ ಸರಿಯಾಗಿದೆ. ಹಾಕಿದ ಕೂಡಲೇ ಕಾರ್ಡ್ ಬಾಯಿ ಬಿಟ್ಟಿತು. ನಾನು ಕುರ್ಚಿಯಿಂದೆದ್ದು ಕಿರುಚಿದೆ, ಆಫೀಸಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಫೈಲುಗಳನ್ನು ತೆಗೆದು ಕೇಳಿದೆ. ಈಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸುತ್ತಿದೆ.

ಮುಖ್ಯ ಫೋಲ್ಡರಿನ ಎರಡು ಸೂಚಿಗಳೂ ಹೋಗಿವೆ. ಎರಡರ ಮೇಲೂ ಪ್ರಿಂಟರಿನವನು ಕೂತಿದ್ದಾನೆ. ನೀರು ಕೊಡು, ನೋವಾಗ್ತಿದೆ, ಊಟ ಆಯ್ತಾ, ಮಲಗು, ಎಲ್ಲವೂ ಚೂರುಚೂರಾಗಿ ಕಾರ್ಡಿನ ತುಂಬ ಬಿದ್ದಿವೆ. ಯಾವ ಚೂರಿನ ಹಿಂದೆ ಯಾವುದು ಎಂದು ಇನ್ನು ಆ ದೇವರಿಗೂ ಗೊತ್ತಾಗುವುದಿಲ್ಲ.

ಪೂರ್ತಿ ಸಿಕ್ಕಿರುವುದು ಇನ್ನೊಂದು ಫೋಲ್ಡರ್. ಅದರ ಹೆಸರು "ಬೇಡ". ಕಂಡಕ್ಟರ್ ಒಂದೇ ವಾಕ್ಯವನ್ನು ಹತ್ತಾರು ಸಲ ಹೇಳಿ ಹೇಳಿ ರೇಗಿಬಿಡುತ್ತಿದ್ದರಂತೆ. ರೇಗಿದಾಗ ಹಾಳಾದ ರೆಕಾರ್ಡಿಂಗುಗಳನ್ನು ಥೆರಪಿಸ್ಟ್ ಅಳಿಸದೆ ಅಲ್ಲಿಗೆ ತಳ್ಳುತ್ತಿದ್ದರು. ಅಕ್ಕ, ಅದರಲ್ಲಿರುವುದು ಬರೀ ಬೈಗುಳ! ಥೆರಪಿಸ್ಟ್‌ಗೆ, ಮೈಕಿಗೆ, ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿದ್ದ ಹೆಂಡತಿಗೆ. ಒಂದು ಒಳ್ಳೆಯ ಮಾತಿಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಕೇಳಿಸುವಂಥ ದನಿ. ಕೇಳುತ್ತ ಕೇಳುತ್ತ ನನಗೇ ಬೈದ ಹಾಗಾಯಿತು.

ಇದನ್ನು ಹೇಗೆ ಕೊಡಲಿ? ನೀರು ಎಂದು ಕೇಳಲು ಬಾರದವರ ಕೈಗೆ ಬೈಗುಳದ ಗುಂಡಿಗಳನ್ನು ಕೊಟ್ಟು, ತಗೊಳ್ಳಿ ನಿಮ್ಮ ದನಿ ಎನ್ನಲೇ? ಹೆಂಡತಿಯ ಮುಂದೆ? ಅದಕ್ಕಿಂತ ಏನೂ ಸಿಗಲಿಲ್ಲ ಎನ್ನುವುದು ಮೇಲು. ಥೆರಪಿಸ್ಟ್ ಅಮ್ಮನಿಗೂ ಹೇಳಿಲ್ಲ.

ನಿನ್ನ ಮೇಲೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಫೆಬ್ರವರಿಯಲ್ಲಿ ಕೇಳಿದ್ದನ್ನು ಏಪ್ರಿಲ್‌ನಲ್ಲಿ ಹೇಳಿದೆ. ಅಷ್ಟು ದಿನ ಅವರು ಆ ಬೆಂಚಿನ ಮೇಲೆ ಕೂತಿದ್ದರು. ಮೊದಲೇ ಹೇಳಿದ್ದರೂ ಸಿಗುತ್ತಿದ್ದದ್ದು ಇಷ್ಟೇ ಎಂದು ಗೊತ್ತು. ಆದರೂ ಸಿಟ್ಟು ಬರುತ್ತದೆ. ಏನು ಮಾಡಲಿ?

ತಂಗಿ


ಮೇ ೧೩

ಮೊಂಡಿ,

ಕೊಡು. ಅವರ ದನಿ, ಅವರಿಗೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ನೀನು ಯಾರು? ನಾನು ಯಾರು? ಒಮ್ಮೆ ನಾನೂ ಹಾಗೆಯೇ ಅವರ ಪರವಾಗಿ ತೀರ್ಮಾನಿಸಿ ದೂರು ಮುಚ್ಚಿದ್ದೆ. ನೀನೂ ಅದನ್ನೇ ಕಲಿಯಬೇಡ.

ಥೆರಪಿಸ್ಟ್ ಅಮ್ಮನಿಗೆ ಹೇಳಿ ಗುಂಡಿಗಳಿಗೆ ಹಾಕಿಸಿಡು. ನಾನೇ ಬರುತ್ತೇನೆ. ರಜೆ ಬರೆದಿದ್ದೇನೆ.

ಅಕ್ಕ


ಜೂನ್ ೩

ಮೊಂಡಿ,

ಆಸ್ಪತ್ರೆಯ ಗೇಟಿನ ಹತ್ತಿರ, ಒಳಗೆ ಹೋಗಿ ಯಾರು ಮಾತಾಡಬೇಕು ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಗಿ, ನಾನು ನಿನ್ನ ಹೆಸರುಗಳ ಉದ್ದವನ್ನು ಆಡಿಕೊಂಡು, ನೀನು ನನ್ನ ಬಾಲವನ್ನು ಆಡಿಕೊಂಡು, ಕೊನೆಗೆ ನೀನು ಸಿಕ್ಕ ಬಸ್ಸು ಹತ್ತಿ ಹೊರಟೇಹೋದೆ. ಹೋಗು. ನಷ್ಟ ನಿನಗೇ. ಒಳಗೆ ಏನಾಯಿತು ಎಂದು ಈಗ ಕಾಗದದಲ್ಲಿ ಓದು.

ಮೊದಲು ಕೆಲಸದ ಮಾತು. ನಿನ್ನ ಡ್ರೈವರಿಗೆ ನನ್ನ ಒಪ್ಪಿಗೆ ಹಾಕಿ ಲಿಸ್ಟಿಗೆ ಕಳಿಸಿದ್ದೇನೆ. ನನ್ನ ಕೋಡನ್ನು ತೆಗೆಯುವ ಪ್ಯಾಚನ್ನೂ ನಾನೇ ಬರೆದು ಕಳಿಸಿದೆ, ಇನ್ನೊಬ್ಬರ ಕೈಯಿಂದ ತೆಗೆಸಿಕೊಳ್ಳುವ ಹಣೆಬರಹ ನನಗೆ ಬೇಡ. ಬರೆಯುವಾಗ ಸ್ಟೀಲಿನ ಲೋಟ ಸಿಂಕಿಗೆ ಹಾರಿತು ಎಂದು ಭಾವ ಹೇಳಿದರೆ ನಂಬಬೇಡ. ಇನ್ನು ಮೇಲೆ ದೂರುಗಳು ನಿನ್ನ ಹೆಸರಿಗೆ ಬರುತ್ತವೆ. ನಿನ್ನ ಕಂಪನಿ ನಿನಗೆ ಜೊತೆ ಕೊಡದೆ ಒಬ್ಬಳನ್ನೇ ಕೂರಿಸಿದರೆ ಹೇಳು, ಲಿಸ್ಟಿನಲ್ಲಿ ಅವರ ಮಾನ ತೆಗೆಯುವುದು ನನಗೆ ಬಿಡು. ಧನ್ಯವಾದ ಗಿನ್ಯವಾದ ಎಂದು ಬರೆದೀಯ, ಜೋಕೆ.

ಈಗ ಕೇಳು. ಕೋಣೆಯಲ್ಲಿ ಥೆರಪಿಸ್ಟ್ ಅಮ್ಮ, ಕಂಡಕ್ಟರು, ಅವರ ಹೆಂಡತಿ. ಆ ಹೆಂಗಸು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗುಂಡಿಗಳ ಪೆಟ್ಟಿಗೆ ಮೇಜಿನ ಮೇಲಿತ್ತು, ಒಂದೊಂದು ಗುಂಡಿಯ ಕೆಳಗೂ ಚೀಟಿ. ಥೆರಪಿಸ್ಟ್ ಅಮ್ಮ ನನ್ನನ್ನು ತೋರಿಸಿ, "ಆ ಪ್ರೋಗ್ರಾಂ ಬರೆದೋರು ಇವರೇ" ಎಂದರು. "ಚೆನ್ನಾಗಿರೋ ಮಾತುಗಳೆಲ್ಲ ನನ್ನಿಂದ ಹೋದವು. ಇಷ್ಟು ಮಾತ್ರ ಸಿಕ್ಕಿದೆ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವಳನ್ನು ನೋಡುವ ಹಾಗೆ. ಆಮೇಲೆ ಚೀಟಿಗಳ ಮೇಲೆ ಬೆರಳಾಡಿಸಿ ಒಂದನ್ನು ಒತ್ತಿದರು.

"ಎಷ್ಟು ಸಲ ಹೇಳೋದ್ರೀ ನಿಮಗೆ? ಕಿವಿ ಕೇಳಲ್ವಾ?"

ಅಬ್ಬಾ, ಏನು ದನಿ ಕಣೇ! ಆ ಸ್ಪಂಜಿನ ಗೋಡೆಗೂ ಹೀರಲಾಗಲಿಲ್ಲ. ನಾನು ಕೂತವಳು ಎದ್ದು ನಿಂತೆ. "ಕೇಳಿಸ್ತು" ಎಂದೆ. ಅವರು ಇನ್ನೊಮ್ಮೆ ಒತ್ತಿದರು. ನಿಂತೇ ಬೈಸಿಕೊಂಡೆ. ಲಿಸ್ಟಿನಲ್ಲಿ ಇಷ್ಟು ವರ್ಷ ಎಷ್ಟೋ ಜನ ಬೈದಿದ್ದಾರೆ, ಒಬ್ಬರಿಗೂ ನಾನು ಸುಮ್ಮನಿದ್ದವಳಲ್ಲ.

ಹೆಂಡತಿ ಮಾತ್ರ ಅಲ್ಲಾಡದೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ನೀನು ಹೆದರಿದ್ದು ಇದಕ್ಕೇ ಎಂದುಕೊಂಡೆ, ತಪ್ಪು ಮಾಡಿದೆವು, ಏನೂ ಸಿಗಲಿಲ್ಲ ಎನ್ನಬೇಕಿತ್ತು. ಆಮೇಲೆ ಆ ಹೆಂಗಸು ನಿಧಾನವಾಗಿ, "ರೀ, ಸಾಕು, ಅವರೂ ದೊಡ್ಡೋರು, ಹಾಗೆಲ್ಲ ಅನ್ಬೇಡಿ" ಎಂದರು. ಕಂಡಕ್ಟರು ಅವರ ಕಡೆ ತಿರುಗಿ, ಹುಡುಕಿ, ಬೇರೆ ಗುಂಡಿ ಒತ್ತಿದರು.

"ಸುಮ್ನಿರೇ! ನೀನೊಬ್ಬಳು ಬಾಕಿ ಇದ್ದೆ!"

ಆ ಹೆಂಗಸು ಎದ್ದರು ನೋಡು. ಬ್ಯಾಗು ಕೆಳಗೆ ಬಿತ್ತು. "ಸುಮ್ನಿರೋದಾ? ಆಪರೇಷನ್ ಆದಾಗಿಂದ ಸುಮ್ನೇ ಅಲ್ವೇನ್ರೀ ಇರೋದು! ನಾನೊಬ್ಬಳೇ ಎಷ್ಟು ಅಂತ ಜಗಳ ಆಡ್ಲಿ? ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗಿತ್ತು!" ಎಂದು ಕೂಗುತ್ತ ಕೂಗುತ್ತ ಅಳಲು ಶುರುಮಾಡಿದರು. ಅಳುತ್ತಲೇ ಬಂದು ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

ಅವರು ಮತ್ತೆ ಒತ್ತಿದರು. "ಸುಮ್ನಿರೇ!"

"ಇರಲ್ಲ! ಏನ್ ಮಾಡ್ತೀರ? ಕೂಗಿ ಇನ್ನೊಂದ್ಸಲ!"

ಇನ್ನೊಂದು ಸಲ ಕೂಗಿತು. ಅವರ ಭುಜ ಅಲುಗುತ್ತಿತ್ತು, ಅಳುತ್ತಿದ್ದರೋ ನಗುತ್ತಿದ್ದರೋ, ಸದ್ದಿಲ್ಲವಲ್ಲ, ಗೊತ್ತಾಗಲಿಲ್ಲ. ಥೆರಪಿಸ್ಟ್ ಅಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು ಬಾಗಿಲೆಳೆದರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಒಳಗೆ ಅವರಿಬ್ಬರ ಜಗಳ ನಡೆಯುತ್ತಲೇ ಇತ್ತು.

ಶನಿವಾರ ಬರುತ್ತೇನೆ. ನಿನ್ನ ಕೋಡಿನ ಬಗ್ಗೆ ಹೇಳುವುದು ಇನ್ನೂ ಬಹಳ ಇದೆ, ಅದನ್ನೆಲ್ಲ ಎದುರಿಗೆ ಕೂತೇ ಹೇಳಬೇಕು. ನೀನೂ ಏನೇನು ಬಾಕಿ ಇಟ್ಟುಕೊಂಡಿದ್ದೀಯೋ ಎಲ್ಲ ತೆಗೆದಿಟ್ಟಿರು. ಸುಮ್ಮನೆ ಮಾತ್ರ ಕೂರಬೇಡ.

ನಿನ್ನ ಅಕ್ಕ